ಬಣ್ಣದ ರೀಲು, ಕಪ್ಪು-ಬಿಳುಪು ರೀಲು: ಹಾಕುವುದರಿಂದ ತೊಳೆಯುವವರೆಗೆ

ಕೆಂಪು ದಾಸವಾಳವನ್ನು ಬಣ್ಣದ ಫಿಲಂನಲ್ಲಿ ತೆಗೆದರೆ ಹೂವು ಎದ್ದು ಕಾಣುತ್ತದೆ. ಅದೇ ಹೂವನ್ನು ಕಪ್ಪು-ಬಿಳುಪಿನಲ್ಲಿ ತೆಗೆದರೆ ಹೂವೂ ಎಲೆಯೂ ಹೆಚ್ಚುಕಡಿಮೆ ಒಂದೇ ಬೂದು, ಹೂವೆಲ್ಲಿದೆ ಎಂದು ಹುಡುಕಬೇಕು. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ ಮತ್ತೆ ತೆಗೆಯಿರಿ: ಹೂವು ಬೆಳ್ಳಗಾಗುತ್ತದೆ, ಎಲೆ ಕಪ್ಪಗಾಗುತ್ತದೆ. ಹಸಿರು ಫಿಲ್ಟರ್ ಹಾಕಿದರೆ ತಿರುಗಾಮುರುಗಾ. ಡಿಜಿಟಲ್‌ನಲ್ಲಿ ಈ ಆಟವನ್ನೆಲ್ಲ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತು ಆಡಬಹುದು. ಫಿಲಂನಲ್ಲಿ ರೀಲು ಹಾಕುವಾಗಲೇ ತೀರ್ಮಾನ ಆಗಿರಬೇಕು, 36 ಫ್ರೇಮ್ ಮುಗಿಯುವ ತನಕ ಅದಕ್ಕೆ ಬದ್ಧರಾಗಿರಬೇಕು. ಈ ಕಟ್ಟುಪಾಡು ಕೆಲವರಿಗೆ ತಲೆನೋವು, ಕೆಲವರಿಗೆ ಅದೇ ರುಚಿ. ರುಚಿ ಹತ್ತಿದವರಿಗೆ ಈ ಬರಹ.

ಎರಡೂ ಬಗೆಯ ಫಿಲಂನಲ್ಲಿ ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣವೇ. ಕಪ್ಪು-ಬಿಳುಪಿನಲ್ಲಿ ಆ ಬೆಳ್ಳಿಯೇ ಚಿತ್ರವಾಗಿ ಉಳಿಯುತ್ತದೆ. ಬಣ್ಣದ ಫಿಲಂನಲ್ಲಿ ಬೆಳ್ಳಿ ಮೂಡಿದ ಜಾಗದಲ್ಲಿ ವರ್ಣದ್ರವ್ಯ ಹುಟ್ಟುತ್ತದೆ, ಆಮೇಲೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕುತ್ತವೆ. ಕಪ್ಪು-ಬಿಳುಪಿನ ಕಾಳು (ಚಿತ್ರದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಚೂಪಾಗಿ, ಬಣ್ಣದ್ದು ಮೆತ್ತಗೆ ಕಾಣುವುದು ಇದರಿಂದಲೇ. ಅಜ್ಜನ ಕಾಲದ ಕಪ್ಪು-ಬಿಳುಪು ಫೋಟೋ ಇವತ್ತಿಗೂ ಗಟ್ಟಿಯಾಗಿದ್ದು, ಎಂಬತ್ತರ ದಶಕದ ಮದುವೆ ಆಲ್ಬಂ ಕೆಂಪಗೆ ತಿರುಗಿರುವುದಕ್ಕೂ ಇದೇ ಕಾರಣ.

ಯಾವ ರೀಲು?

ಮೊದಲ ಸಲ ತೆಗೆಯುವವರು ಕಪ್ಪು-ಬಿಳುಪಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೋಡಾಕ್ ಟ್ರೈ-ಎಕ್ಸ್ ಹಾಕಿ. ಎರಡೂ ಐಎಸ್‌ಓ 400 (ಫಿಲಂ ಬೆಳಕಿಗೆ ಸ್ಪಂದಿಸುವ ವೇಗದ ಅಂಕಿ, ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು), ಎರಡೂ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಕೈಗೆ ಎಟುಕುವ ಬೆಲೆ ಬೇಕಿದ್ದರೆ ಫೋಮಾಪ್ಯಾನ್ ಇದೆ. ಬಯಲುಸೀಮೆಯ ಮಧ್ಯಾಹ್ನಕ್ಕೆ 400 ಹೆಚ್ಚಾಯಿತು. ಹಂಪಿಯ ಬಂಡೆಗಳ ನಡುವೆ 1/500 ಸೆಕೆಂಡಿಗೆ ಎಫ್/16 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಡಬೇಕಾಗುತ್ತದೆ, ಹಿನ್ನೆಲೆ ಮಸುಕಾಗಿಸುವ ಆಸೆ ಬಿಡಬೇಕು. ಅಂಥ ಕಡೆ ಐಎಸ್‌ಓ 125ರ ಎಫ್‌ಪಿ4 ಪ್ಲಸ್ ಒಳ್ಳೆಯದು. ಮಳೆಗಾಲದ ಮಲೆನಾಡಿಗೆ 400ಕ್ಕಿಂತ ಕಡಿಮೆ ಬೇಡ.

ಬಣ್ಣದಲ್ಲಿ ಕೋಡಾಕ್ ಗೋಲ್ಡ್ 200 ಹಗಲಿಗೆ ಸಾಕು. ಚರ್ಮದ ಬಣ್ಣ ನಯವಾಗಿ ಬರಬೇಕಿದ್ದರೆ ಪೋರ್ಟ್ರಾ 400. ಎಕ್ಟಾರ್ 100 ದೃಶ್ಯಗಳಿಗೆ ಚೆಂದ, ಆದರೆ ಕಂದು ಮುಖಗಳನ್ನು ಇನ್ನೂ ಕೆಂಪಗೆ ಮಾಡುತ್ತದೆ. ಸ್ಲೈಡ್ ಫಿಲಂ (ನೆಗೆಟಿವ್ ಆಗದೆ ನೇರವಾಗಿ ಅಸಲಿ ಬಣ್ಣದ ಚಿತ್ರ ಬರುವಂಥದ್ದು) ಅನ್ನು ಮೊದಲ ವರ್ಷ ಮುಟ್ಟದಿರುವುದೇ ಜಾಣತನ. ಅರ್ಧ ಸ್ಟಾಪ್ ತಪ್ಪಿದರೂ ಅದು ಕ್ಷಮಿಸುವುದಿಲ್ಲ (ಒಂದು ಸ್ಟಾಪ್ ಹೆಚ್ಚು ಎಂದರೆ ಬೆಳಕು ಎರಡರಷ್ಟು, ಒಂದು ಸ್ಟಾಪ್ ಕಡಿಮೆ ಎಂದರೆ ಅರ್ಧ).

ನಮ್ಮಲ್ಲಿ ಸಿನಿಮಾ ಫಿಲಂ ಸುತ್ತಿದ ರೋಲುಗಳೂ ಸಿಗುತ್ತವೆ. ಕೊಳ್ಳುವ ಮುನ್ನ ಎರಡು ವಿಷಯ ಕೇಳಿ. ಒಂದು, ಹಿಂಭಾಗದಲ್ಲಿ ರೆಮ್‌ಜೆಟ್ ಎಂಬ ಕಪ್ಪು ಲೇಪ ಇದೆಯೇ? ಇದ್ದರೆ ಮಾಮೂಲಿ ಬಣ್ಣದ ಲ್ಯಾಬಿಗೆ ಹೇಳದೆ ಕೊಡಬೇಡಿ, ಆ ಲೇಪ ಕರಗಿ ಅವರ ಯಂತ್ರ, ಕೆಮಿಕಲ್, ಜೊತೆಗಿದ್ದ ಇತರರ ರೀಲು ಎಲ್ಲವನ್ನೂ ಕೆಡಿಸುತ್ತದೆ. ಎರಡು, ಇದು ಹಗಲಿನದೋ ಟಂಗ್‌ಸ್ಟನ್ (ಹಳೆಯ ಬಲ್ಬಿನ) ಬೆಳಕಿನದೋ? 500ಟಿ ಎಂದಿದ್ದರೆ ಬಿಸಿಲಲ್ಲಿ ಎಲ್ಲವೂ ನೀಲಿ. 85 ನಂಬರಿನ ಕಿತ್ತಳೆ ಫಿಲ್ಟರ್ ಹಾಕಿ ಐಎಸ್‌ಓ 320 ಎಂದು ಲೆಕ್ಕ ಹಿಡಿಯಬೇಕು.

ಊಟಿಯ ಹಿಂದುಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ಫಿಲಂ ಈಗ ಇಲ್ಲ. ಅಟ್ಟದ ಮೇಲೆ ಹಳೆಯ ರೀಲು ಸಿಕ್ಕರೆ ಪರೀಕ್ಷೆಗಷ್ಟೇ ಬಳಸಿ. ಅವಧಿ ಮೀರಿದ ಬಣ್ಣದ ನೆಗೆಟಿವ್‌ಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡುವುದು ರೂಢಿ, ಆದರೆ ಸೆಕೆಯಲ್ಲಿ ಬೆಂದ ರೀಲಿಗೆ ಯಾವ ಲೆಕ್ಕವೂ ಹತ್ತುವುದಿಲ್ಲ. ಹೊಸ ರೀಲುಗಳನ್ನು ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಡಬ್ಬಿ ತೆರೆಯದೆ ಒಂದೆರಡು ಗಂಟೆ ಬಿಡಿ, ಅವಸರ ಮಾಡಿದರೆ ಫಿಲಂ ಮೇಲೆ ನೀರ ಹನಿ ಕೂರುತ್ತದೆ. ವಿದೇಶದಿಂದ ನೆಂಟರ ಕೈಲಿ ತರಿಸುವುದಾದರೆ ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡದಂತೆ ಹೇಳಿ. ಆ ಎಕ್ಸ್-ರೇ ಫಿಲಂ ಅನ್ನು ಮಂಕು ಮಾಡುತ್ತದೆ. ಈಗ ಕೈಚೀಲಕ್ಕೂ ಬಂದಿರುವ ಸಿಟಿ ಸ್ಕ್ಯಾನರುಗಳೂ ಹಾಗೆಯೇ. ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು, ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಬೇಕು.

ಕ್ಯಾಮೆರಾ ನೋಡಿಕೊಳ್ಳುವುದು

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುವಾಗ ಹಿಂಬಾಗಿಲು ತೆರೆದು ಬಾಗಿಲ ಅಂಚಿನ ಕಪ್ಪು ಸ್ಪಂಜನ್ನು ಬೆರಳಿಂದ ಮುಟ್ಟಿ. ಅಂಟಂಟಾಗಿ ಬೆರಳಿಗೆ ಬಂದರೆ ಬೆಳಕು ಸೋರುತ್ತದೆ, ಫೋಟೋದಲ್ಲಿ ಕಿತ್ತಳೆ ಪಟ್ಟೆ ಬರುತ್ತದೆ. ಸ್ಪಂಜು ಬದಲಾಯಿಸುವುದು ಸಣ್ಣ ಕೆಲಸ, ಬೆಲೆ ಇಳಿಸಲು ಒಳ್ಳೆಯ ನೆಪ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್, ಕರಾವಳಿ ಮತ್ತು ಮಲೆನಾಡಿನ ಮನೆಗಳಿಂದ ಬಂದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಶಟರನ್ನು 1 ಸೆಕೆಂಡಿಗೆ ಇಟ್ಟು ಕ್ಲಿಕ್ಕಿಸಿ ಕಿವಿಗೊಡಿ, ಅರ್ಧದಲ್ಲಿ ತಡವರಿಸಿದರೆ ಎಣ್ಣೆ ಒಣಗಿದೆ.

ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ತರಹದವು ಬ್ಯಾಟರಿ ಇಲ್ಲದೆಯೂ ಕೆಲಸ ಮಾಡುತ್ತವೆ, ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ಅದೂ ಅಂಗಡಿಯಲ್ಲಿ ಸಿಗುವ ಎಲ್‌ಆರ್44. ಇನ್ನೂ ಹಳೆಯ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದವು. ಅದು ಈಗ ಸಿಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಅನೇಕ ಕ್ಯಾಮೆರಾಗಳಲ್ಲಿ ಮೀಟರ್ ತಪ್ಪು ಹೇಳುತ್ತದೆ. ಫೋನಿನ ಲೈಟ್ ಮೀಟರ್ ಆ್ಯಪ್ ಜೊತೆ ಹೋಲಿಸಿ, ಎಷ್ಟು ವ್ಯತ್ಯಾಸ ಎಂದು ಬರೆದಿಟ್ಟುಕೊಳ್ಳಿ.

ರೀಲು ಹಾಕುವಾಗ ಆಗುವ ತಪ್ಪು ಒಂದೇ, ಆದರೆ ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ಫಿಲಂ ತುದಿ ಬಲಗಡೆಯ ಸ್ಪೂಲಿಗೆ ಸರಿಯಾಗಿ ಸಿಕ್ಕಿರುವುದಿಲ್ಲ, ಕೌಂಟರ್ ಮಾತ್ರ 36ರವರೆಗೆ ಓಡುತ್ತದೆ, ಫಿಲಂ ಇದ್ದಲ್ಲೇ ಇರುತ್ತದೆ. ತಪ್ಪಿಸುವುದು ಹೀಗೆ: ತುದಿಯನ್ನು ಸೀಳಿಗೆ ಸಿಕ್ಕಿಸಿ, ಮೇಲಿನ ಮತ್ತು ಕೆಳಗಿನ ಎರಡೂ ಸಾಲಿನ ತೂತುಗಳು ಹಲ್ಲಿಗೆ ಕೂರುವವರೆಗೆ ಬಾಗಿಲು ತೆರೆದಿಟ್ಟೇ ಒಮ್ಮೆ ಸುತ್ತಿ. ಬಾಗಿಲು ಮುಚ್ಚಿ. ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ, ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಿ. ಈಗ ಲಿವರ್ ಎಳೆಯುವಾಗ ಆ ಗುಂಡಿ ತಾನೇ ಹಿಮ್ಮುಖ ತಿರುಗಬೇಕು. ತಿರುಗದಿದ್ದರೆ ಬಾಗಿಲು ತೆರೆದು ಮತ್ತೆ ಹಾಕಿ. ಮೂರು ಫ್ರೇಮ್ ಹೋದರೆ ಹೋಗಲಿ.

ಬೆಳಕಿನ ಲೆಕ್ಕ

ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ನೆತ್ತಿಯ ಬಿಸಿಲಿಗೆ ಎಫ್/16, ಶಟರ್ ವೇಗ ಐಎಸ್‌ಓಗೆ ಹತ್ತಿರದ್ದು: 400ಕ್ಕೆ 1/500, 100ಕ್ಕೆ 1/125. ನೆರಳಿನ ಅಂಚು ಮಂಕಾದರೆ ಎಫ್/11. ನೆರಳೇ ಬೀಳದಿದ್ದರೆ ಎಫ್/8. ದಟ್ಟ ಮೋಡಕ್ಕೆ ಎಫ್/5.6, ಜಗಲಿಯ ಅಥವಾ ಮರದ ನೆರಳಿಗೆ ಎಫ್/4. ಅಡಿಕೆ ತೋಟದ ಒಳಗಿನ ಮಳೆಗಾಲಕ್ಕೆ ಇನ್ನೂ ಒಂದೆರಡು ಸ್ಟಾಪ್ ತೆರೆಯಿರಿ.

ಮೀಟರ್ ಇದ್ದರೂ ಕಣ್ಣು ಮುಚ್ಚಿ ನಂಬಬೇಡಿ. ಎದುರಿಗೆ ಏನೇ ಇರಲಿ, ಅದನ್ನು ನಡುಬೂದು ಎಂದೇ ಅದು ತಿಳಿಯುತ್ತದೆ. ಬಿಳಿ ಪಂಚೆ, ಬಿಳಿ ಶಲ್ಯದ ಹಿರಿಯರು ಫ್ರೇಮ್ ತುಂಬ ಕೂತಿದ್ದರೆ ಮೀಟರ್ ಹೇಳಿದಂತೆ ತೆಗೆದರೆ ಪಂಚೆ ಬೂದಾಗಿ, ಮುಖ ಕತ್ತಲಾಗುತ್ತದೆ. ಅಲ್ಲಿ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಕೊಡಿ. ಸುಲಭ ಉಪಾಯ: ಅದೇ ಬೆಳಕಿನಲ್ಲಿ ನಿಮ್ಮ ಅಂಗೈಯನ್ನು ಮೀಟರಿಗೆ ತೋರಿಸಿ, ಬಂದ ಅಳತೆಗಿಂತ ಒಂದು ಸ್ಟಾಪ್ ತೆರೆಯಿರಿ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ, ಮುಖದ ಬಣ್ಣ ಏನೇ ಇರಲಿ.

ಡಿಜಿಟಲ್‌ನಿಂದ ಬಂದವರು ಬೆಳಕು ಸ್ವಲ್ಪ ಕಡಿಮೆಯೇ ಇರಲಿ ಎನ್ನುತ್ತಾರೆ. ನೆಗೆಟಿವ್‌ನಲ್ಲಿ ಅದು ತಲೆಕೆಳಗು. ನೆರಳಿಗೆ ಬೆಳಕು ತಲುಪದಿದ್ದರೆ ಫಿಲಂ ಮೇಲೆ ಏನೂ ಮೂಡಿರುವುದಿಲ್ಲ, ಮೂಡದ್ದನ್ನು ಯಾರೂ ತೊಳೆದು ತೆಗೆಯಲಾರರು. ಬಣ್ಣದ ನೆಗೆಟಿವ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ಸಲೀಸಾಗಿ ತಾಳುತ್ತದೆ, ಒಂದು ಸ್ಟಾಪ್ ಕಡಿಮೆಯಾದರೆ ನೆರಳು ಕೆಸರಿನಂತೆ ರಾಡಿಯಾಗುತ್ತದೆ. ಹಾಗಾಗಿ ಗೋಲ್ಡ್ 200 ಹಾಕಿ ಮೀಟರಿನಲ್ಲಿ 100 ಎಂದು ಇಟ್ಟುಕೊಂಡರೆ ನಷ್ಟವಿಲ್ಲ. ಸ್ಲೈಡಿಗೆ ಮಾತ್ರ ಇದರ ವಿರುದ್ಧ: ಬಿಳಿ ಭಾಗದ ವಿವರ ಹಾರಿಹೋಗದಂತೆ ನೋಡಿಕೊಳ್ಳಬೇಕು.

ಕಪ್ಪು-ಬಿಳುಪಿಗೆ ಫಿಲ್ಟರ್, ಬಣ್ಣಕ್ಕೆ ಬೆಳಕಿನ ಬಣ್ಣ

ಕಪ್ಪು-ಬಿಳುಪಿನಲ್ಲಿ ಒಂದೇ ಫಿಲ್ಟರ್ ಕೊಳ್ಳುವುದಿದ್ದರೆ ಹಳದಿ ಕೊಳ್ಳಿ. ಒಂದು ಸ್ಟಾಪ್ ನುಂಗುತ್ತದೆ, ಆಕಾಶವನ್ನು ಒಂದಿಷ್ಟು ಇಳಿಸಿ ಮೋಡವನ್ನು ಬಿಡಿಸಿ ತೋರಿಸುತ್ತದೆ. ಕಿತ್ತಳೆ ಎರಡು ಸ್ಟಾಪ್, ಮುಖದ ಕಲೆಗಳನ್ನೂ ತಿಳಿಯಾಗಿಸುತ್ತದೆ. ಕೆಂಪು ಮೂರು ಸ್ಟಾಪ್. ಬಾದಾಮಿಯ ಕೆಂಪು ಬಂಡೆ ಹೊಳೆಯುತ್ತದೆ, ಆಕಾಶ ಕಪ್ಪಗಾಗುತ್ತದೆ, ಕೆಂಪು ಕುಂಕುಮ ಮಾತ್ರ ಹಣೆಯಿಂದ ಮಾಯವಾಗುತ್ತದೆ! ಮದುಮಗಳ ಚಿತ್ರಕ್ಕೆ ಕೆಂಪು ಫಿಲ್ಟರ್ ಹಾಕುವ ಮುನ್ನ ಯೋಚಿಸಿ. ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮೂಲಕ ಅಳೆಯುವ ಮೀಟರ್ ಈ ನಷ್ಟವನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕೈ ಮೀಟರಾದರೆ ನೀವೇ ಕೂಡಿಸಬೇಕು.

ಬಣ್ಣದ ಫಿಲಂಗೆ ಬಿಳಿ ಎಂದರೆ ನಡುಹಗಲಿನ ಬೆಳಕು, ಸುಮಾರು 5500 ಕೆಲ್ವಿನ್. ಅದಕ್ಕೆ ಆಟೋ ವೈಟ್ ಬ್ಯಾಲೆನ್ಸ್ ಇಲ್ಲ. ಹಳೆಯ ಬಲ್ಬಿನ ಕೆಳಗೆ ಕಿತ್ತಳೆ, ಟ್ಯೂಬ್‌ಲೈಟ್ ಕೆಳಗೆ ಹಸಿರು, ಮರದಡಿ ನಿಂತವರ ಕೆನ್ನೆಯಲ್ಲೂ ಹಸಿರು. ಸ್ಕ್ಯಾನ್ ಮಾಡುವಾಗ ತಕ್ಕಮಟ್ಟಿಗೆ ತಿದ್ದಬಹುದು, ಬೆಳಕು ಧಾರಾಳ ಬಿದ್ದಿದ್ದರೆ ಮಾತ್ರ.

ಎಲ್ಲಿ ಯಾವುದು? ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮ-ಅರಿಸಿನದ ಗುಡ್ಡೆ, ಕನಕಾಂಬರದ ದಂಡೆ ಇವಕ್ಕೆ ಬಣ್ಣವೇ ವಿಷಯ, ಬಣ್ಣ ತೆಗೆದರೆ ಬರೀ ರಾಶಿ ಉಳಿಯುತ್ತದೆ. ಅದೇ ಮಾರುಕಟ್ಟೆಯಲ್ಲಿ ಮಾಲೆ ಕಟ್ಟುವ ಬೆರಳು, ಮುಖದ ಸುಕ್ಕು, ಮಾಡಿನಿಂದ ಇಳಿದ ಬಿಸಿಲ ಕೋಲು ಕಪ್ಪು-ಬಿಳುಪಿನವು. ಮೈಸೂರಿನವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿದರೆ ಬಣ್ಣವಿಲ್ಲದೆ ಒಂದು ಮುಖ ಎಷ್ಟು ಮಾತಾಡಬಲ್ಲದು ಎಂದು ತಿಳಿಯುತ್ತದೆ. ಯಕ್ಷಗಾನದಲ್ಲೂ ಹೀಗೆಯೇ: ರಂಗದ ಮೇಲಿನ ವೇಷಕ್ಕೆ ಬಣ್ಣ, ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬರೆದುಕೊಳ್ಳುವವರಿಗೆ ಕಪ್ಪು-ಬಿಳುಪು. ಎಚ್‌ಪಿ5 ಅನ್ನು 1600 ಎಂದು ಲೆಕ್ಕ ಹಿಡಿದು ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಚೌಕಿಯ ಬೆಳಕು ಸಾಕಾಗುತ್ತದೆ.

ಬಣ್ಣ ಲ್ಯಾಬಿಗೆ, ಕಪ್ಪು-ಬಿಳುಪು ಮನೆಯಲ್ಲಿ

ಬಣ್ಣದ ನೆಗೆಟಿವ್‌ನ ಸಿ-41 ಕ್ರಮದಲ್ಲಿ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಅರ್ಧ ಡಿಗ್ರಿ ಆಚೀಚೆ ಆದರೂ ಫಿಲಂನ ಮೂರು ಬಣ್ಣದ ಪದರಗಳು ಮೂರು ದಾರಿ ಹಿಡಿಯುತ್ತವೆ. ಮನೆಯಲ್ಲೂ ಮಾಡುವವರಿದ್ದಾರೆ, ಆರಂಭದಲ್ಲಿ ಬೇಡ. ಲ್ಯಾಬಿಗೆ ಕೊಡುವಾಗ ವಾರಕ್ಕೆ ಎಷ್ಟು ರೀಲು ತೊಳೆಯುತ್ತಾರೆ ಎಂದು ವಿಚಾರಿಸಿ. ಅಪರೂಪಕ್ಕೆ ಯಂತ್ರ ಓಡಿಸುವ ಕಡೆ ಕೆಮಿಕಲ್ ಹಳಸಿರುತ್ತದೆ, ನೆರಳು ಹಸಿರು, ಬೆಳಕು ಗುಲಾಬಿ ಆಗಿ ಬರುತ್ತದೆ. ನೆಗೆಟಿವ್ ವಾಪಸ್ ಬೇಕೆಂದು ಮೊದಲೇ ಹೇಳಿ. ಊರಲ್ಲಿ ಸಿ-41 ಮಾತ್ರ ಇದ್ದು ಕಪ್ಪು-ಬಿಳುಪೇ ಬೇಕೆಂದರೆ ಇಲ್ಫರ್ಡ್ ಎಕ್ಸ್‌ಪಿ2 ಸೂಪರ್ ಹಾಕಿ, ಅದು ಬಣ್ಣದ ಕೆಮಿಕಲ್‌ನಲ್ಲೇ ತೊಳೆಯುವ ಕಪ್ಪು-ಬಿಳುಪು.

ಮಾಮೂಲಿ ಕಪ್ಪು-ಬಿಳುಪಿಗೆ ಬಚ್ಚಲುಮನೆ ಸಾಕು. ಬೇಕಾದ್ದು: ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕ್ ಮತ್ತು ಅದರೊಳಗೆ ಫಿಲಂ ಸುತ್ತುವ ಸ್ಪೈರಲ್, ಕೈ ತೂರಿಸುವ ಕಪ್ಪು ಚೀಲ, ಥರ್ಮಾಮೀಟರ್, ಅಳತೆ ಜಾಡಿ, ಕತ್ತರಿ, ಡಬ್ಬಿ ಎಬ್ಬಿಸಲು ಬಾಟಲ್ ಓಪನರ್. ಐಡಿ-11 ಅಥವಾ ಡಿ-76 ಡೆವಲಪರ್ ಪುಡಿ, ಫಿಕ್ಸರ್, ವೆಟ್ಟಿಂಗ್ ಏಜೆಂಟ್ (ಫಿಲಂ ಮೇಲೆ ನೀರು ಹನಿಗಟ್ಟದಂತೆ ಮಾಡುವ ದ್ರವ). ಪಾತ್ರೆಗಳು ಅಡುಗೆಮನೆಗೆ ಮತ್ತೆ ಹೋಗಬಾರದು.

ಐಡಿ-11 ಪುಡಿಯನ್ನು ಹಿಂದಿನ ದಿನವೇ ಸುಮಾರು 40 ಡಿಗ್ರಿಯ ನೀರಿನಲ್ಲಿ, ಎ ಪೊಟ್ಟಣ ಪೂರ್ತಿ ಕರಗಿದ ಮೇಲೆ ಬಿ ಹಾಕಿ ಕಲಸಿ, 1 ಲೀಟರ್ ಮಾಡಿ ತಣಿಯಲು ಬಿಡಿ. ಕಂಠಮಟ್ಟ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಬಾಳುತ್ತದೆ, ಅರ್ಧ ಖಾಲಿಯಾದರೆ ಒಂದೇ ತಿಂಗಳು.

ಸ್ಪೈರಲ್‌ಗೆ ಸುತ್ತುವುದನ್ನು ಹಾಳು ರೀಲಿನಲ್ಲಿ ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ, ಹತ್ತು ಸಲ ಮಾಡಿ. ಫಿಲಂ ತುದಿಯ ಎರಡೂ ಮೂಲೆಗಳನ್ನು ಓರೆಯಾಗಿ ಚೂರೇ ಕತ್ತರಿಸಿದರೆ ಸಿಕ್ಕಿಕೊಳ್ಳುವುದಿಲ್ಲ. ಸ್ಪೈರಲ್ ಒದ್ದೆ ಇದ್ದರೆ ಸುತ್ತಲು ಸಾಧ್ಯವೇ ಇಲ್ಲ. ಸೆಕೆಗೆ ಕಪ್ಪು ಚೀಲದೊಳಗೆ ಕೈ ಬೆವರಿದರೂ ಇದೇ ಗತಿ. ಆಗ ಫಿಲಂ ಅನ್ನು ಟ್ಯಾಂಕಿನೊಳಗೆ ಹಾಕಿ ಮುಚ್ಚಿ, ಕೈ ಹೊರತೆಗೆದು ಒರೆಸಿಕೊಂಡು, ಐದು ನಿಮಿಷ ಬಿಟ್ಟು ಮುಂದುವರಿಸಿ. ಸಿನಿಮಾದಲ್ಲಿ ಕಾಣುವ ಕೆಂಪು ದೀಪ ಪ್ರಿಂಟ್ ಹಾಕುವ ಕಾಗದಕ್ಕೆ ಮಾತ್ರ. ಈ ಫಿಲಂಗಳಿಗೆ ಕೆಂಪೂ ಕಾಣುತ್ತದೆ, ಕಗ್ಗತ್ತಲೇ ಬೇಕು.

35 ಮಿ.ಮೀ. ರೀಲು ಒಂದಕ್ಕೆ 150 ಮಿ.ಲೀ. ಐಡಿ-11, 150 ಮಿ.ಲೀ. ನೀರು. ಎಚ್‌ಪಿ5ಗೆ 20 ಡಿಗ್ರಿಯಲ್ಲಿ 13 ನಿಮಿಷ. ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ಏಪ್ರಿಲ್‌ನಲ್ಲಿ 30 ಡಿಗ್ರಿ ದಾಟಿರುತ್ತದೆ, 20ಕ್ಕೆ ಇಳಿಸಲು ಒದ್ದಾಡುವ ಬದಲು ಐಸ್ ಹಾಕಿದ ಬೇಸಿನ್ನಿನಲ್ಲಿ ಬಾಟಲಿಗಳನ್ನು ನಿಲ್ಲಿಸಿ 24ಕ್ಕೆ ತನ್ನಿ, ಸಮಯ ಸುಮಾರು 9 ನಿಮಿಷಕ್ಕೆ ಇಳಿಸಿ. ಐಸನ್ನು ಡೆವಲಪರ್‌ಗೇ ಹಾಕಬೇಡಿ, ತೆಳುವಾಗುತ್ತದೆ. ಫಿಕ್ಸರ್ ಮತ್ತು ತೊಳೆಯುವ ನೀರೂ ಅದೇ ಬಿಸಿಗೆ ಹತ್ತಿರ ಇರಲಿ. ಐದು ನಿಮಿಷಕ್ಕಿಂತ ಕಡಿಮೆ ಬರುವಷ್ಟು ಬಿಸಿಯಲ್ಲಿ ಮಾಡಿದರೆ ಚಿತ್ರ ಹದವಾಗಿ ಮೂಡದೆ ಮಚ್ಚೆ ಬೀಳುತ್ತದೆ. 1600ಕ್ಕೆ ತೆಗೆದ ಚೌಕಿ ರೀಲಾದರೆ ನೀರು ಬೆರೆಸದ ಐಡಿ-11ನಲ್ಲಿ 20 ಡಿಗ್ರಿಗೆ 14 ನಿಮಿಷ.

ಡೆವಲಪರ್ ಸುರಿದ ಕೂಡಲೇ ಗಡಿಯಾರ ಹಾಕಿ, ಟ್ಯಾಂಕನ್ನು ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ, ಗುಳ್ಳೆ ಬಿಡಿಸಲು ತಳವನ್ನು ನೆಲಕ್ಕೆ ಎರಡು ಸಲ ತಟ್ಟಿ. ಪ್ರತಿ ನಿಮಿಷದ ಆರಂಭಕ್ಕೆ ಇದನ್ನೇ ಮಾಡಿ. ಚೆಲ್ಲಿ. ಡೆವಲಪರ್ ಕೆಲಸವನ್ನು ನಿಲ್ಲಿಸುವ ಸ್ಟಾಪ್ ಬಾತ್ ದ್ರಾವಣ ಇಲ್ಲದಿದ್ದರೆ ಬರೀ ನೀರು ತುಂಬಿ ಒಂದು ನಿಮಿಷ ಅಲುಗಾಡಿಸಿದರೂ ಸರಿ.

ಫಿಕ್ಸರ್‌ಗೆ ಎಷ್ಟು ಹೊತ್ತು? ಸುತ್ತುವ ಮೊದಲು ಕತ್ತರಿಸಿದ ಫಿಲಂ ತುದಿಯನ್ನು ಎಸೆಯದೆ ಇಟ್ಟುಕೊಂಡು, ಬೆಳಕಿನಲ್ಲೇ ಫಿಕ್ಸರ್ ಲೋಟಕ್ಕೆ ಹಾಕಿ ನೋಡುತ್ತ ನಿಲ್ಲಿ. ಹಾಲಿನಂಥ ಮಬ್ಬು ಮೆಲ್ಲಗೆ ಕರಗಿ ತುಣುಕು ಗಾಜಿನಂತೆ ತಿಳಿಯಾಗುತ್ತದೆ. ಅದಕ್ಕೆ ಹಿಡಿದ ಸಮಯದ ಎರಡರಷ್ಟು ನಿಮ್ಮ ರೀಲಿಗೆ. 1+4 (ಒಂದು ಪಾಲಿಗೆ ನಾಲ್ಕು ಪಾಲು ನೀರು) ಬೆರೆಸಿದ ರ‍್ಯಾಪಿಡ್ ಫಿಕ್ಸರ್ ಆದರೆ 2ರಿಂದ 5 ನಿಮಿಷ, ಹರಳಿನ ಹೈಪೋ ಆದರೆ ಇನ್ನೂ ನಿಧಾನ. ಹೊಸದಿದ್ದಾಗ ಹಿಡಿದ ಸಮಯ ದುಪ್ಪಟ್ಟಾದ ದಿನ ಆ ಫಿಕ್ಸರ್ ಮುಗಿಯಿತು. ಅದರಲ್ಲಿ ಬೆಳ್ಳಿ ಕರಗಿರುವುದರಿಂದ ಗಿಡದ ಬುಡಕ್ಕೋ ಬಾವಿ ಪಕ್ಕಕ್ಕೋ ಚೆಲ್ಲಬೇಡಿ.

ತೊಳೆಯಲು ನಲ್ಲಿಯಡಿ ಅರ್ಧ ಗಂಟೆ ನೀರು ಬಿಡಬೇಕಿಲ್ಲ. ಟ್ಯಾಂಕ್ ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ರ‍್ಯಾಪಿಡ್ ಫಿಕ್ಸರ್‌ಗೆ ಇಷ್ಟೇ ಸಾಕು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ, ಸ್ಕ್ಯಾನಿನಲ್ಲಿ ಅದೇ ಕಣ್ಣಿಗೆ ರಾಚುತ್ತದೆ. ಕೊನೆಯ ನೀರಿಗೆ ಕಾರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಒಂದೆರಡು ಹನಿ ವೆಟ್ಟಿಂಗ್ ಏಜೆಂಟ್ ಬಿಡಿ. ಸ್ನಾನದ ಬಿಸಿನೀರು ಹರಿಸಿ ಆವಿಗೆ ಧೂಳು ಕೂತ ಮೇಲೆ ಬಚ್ಚಲಿನಲ್ಲೇ ನೇತುಹಾಕಿ, ಕೆಳಗೆ ಬಟ್ಟೆ ಕ್ಲಿಪ್ ಭಾರಕ್ಕೆ. ಫ್ಯಾನ್ ಬೇಡ. ಬೆರಳಿಂದ ಒರೆಸುವುದಂತೂ ಬೇಡವೇ ಬೇಡ, ಒದ್ದೆ ಜೆಲಟಿನ್ ಬೆಣ್ಣೆಯಷ್ಟು ಮೆದು.

ನೆಗೆಟಿವ್ ಓದುವುದು

ತಪ್ಪು ಯಾರದು ಎಂದು ಫಿಲಂ ಅಂಚಿನ ಅಂಕಿ-ಅಕ್ಷರಗಳೇ ಹೇಳುತ್ತವೆ, ಅವು ಕಾರ್ಖಾನೆಯಲ್ಲೇ ಬೆಳಕು ಕಂಡವು. ಅಂಚಿನ ಅಕ್ಷರ ದಟ್ಟವಾಗಿದ್ದು ಫ್ರೇಮ್‌ಗಳೆಲ್ಲ ಖಾಲಿ ಎಂದರೆ ತೊಳೆದದ್ದು ಸರಿ, ಕ್ಯಾಮೆರಾದಲ್ಲಿ ಫಿಲಂ ಓಡಿಲ್ಲ ಅಥವಾ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ ಎಂದರೆ ಡೆವಲಪರ್ ಸತ್ತಿದೆ, ಇಲ್ಲವೇ ಫಿಕ್ಸರ್ ಮೊದಲು ಸುರಿದಿದ್ದೀರಿ. ಅಕ್ಷರ ದಟ್ಟ, ಚಿತ್ರ ತೆಳು, ನೆರಳಿನ ಜಾಗ ಬರೀ ಗಾಜು: ತೆಗೆಯುವಾಗ ಬೆಳಕು ಸಾಲಲಿಲ್ಲ. ಎರಡೂ ತೆಳುವಾದರೆ ಡೆವಲಪ್ ಸಾಲಲಿಲ್ಲ. ಅರ್ಧಚಂದ್ರದ ಗುರುತು ಸುತ್ತುವಾಗ ಫಿಲಂ ಮಡಿಸಿದ್ದರ ಫಲ. ಹಾಲು ಬಣ್ಣದ ತೇಪೆ ಇದ್ದರೆ ಸುರುಳಿಗಳು ಒಂದಕ್ಕೊಂದು ಅಂಟಿವೆ. ಇಡೀ ಫಿಲಂ ಮಬ್ಬಾಗಿದ್ದರೆ ಫಿಕ್ಸರ್ ಸಾಲದು, ಹೊಸದರಲ್ಲಿ ಮತ್ತೆ ಮುಳುಗಿಸಿ ತೊಳೆಯಿರಿ, ಈ ಒಂದು ತಪ್ಪಿಗೆ ಮಾತ್ರ ಪರಿಹಾರ ಇದೆ.

ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆ ದೋಷವಲ್ಲ. ವರ್ಣದ್ರವ್ಯಗಳು ತಮ್ಮದಲ್ಲದ ಬೆಳಕನ್ನೂ ಒಂದಿಷ್ಟು ನುಂಗುತ್ತವೆ, ಅದನ್ನು ಸರಿದೂಗಿಸಲು ಬೇಕೆಂದೇ ಇಟ್ಟದ್ದು. ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಎಲ್‌ಇಡಿ ಪ್ಯಾನೆಲ್ ಇಟ್ಟು ಮನೆಯಲ್ಲೇ ಸ್ಕ್ಯಾನ್ ಮಾಡುವಾಗ ಮೊದಲು ಈ ಛಾಯೆಯ ಮೇಲೆ ವೈಟ್ ಬ್ಯಾಲೆನ್ಸ್ ಕ್ಲಿಕ್ಕಿಸಿ, ಆಮೇಲೆ ನೆಗೆಟಿವ್ ಅನ್ನು ಪಾಸಿಟಿವ್ ಆಗಿ ತಿರುಗಿಸಿ. ಪ್ಯಾನೆಲ್‌ನ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ಕ್ಕೆ ಮೇಲಿರಲಿ, ಕಪ್ಪು-ಬಿಳುಪಿಗೆ ಯಾವುದಾದರೂ ಆದೀತು.

ಒಣಗಿದ ಫಿಲಂ ಅನ್ನು ಆರು ಫ್ರೇಮ್‌ಗೊಂದು ಪಟ್ಟಿಯಾಗಿ ಕತ್ತರಿಸಿ ನೆಗೆಟಿವ್ ಹಾಳೆಯಲ್ಲಿ ತೂರಿಸಿ, ಮೂಲೆಯಲ್ಲಿ ತಾರೀಖು, ಊರು, ಫಿಲಂ, ಡೆವಲಪರ್, ನಿಮಿಷ ಬರೆಯಿರಿ. ಮುಂಗಾರಿಗೆ ಮುನ್ನ ಗಾಳಿಯಾಡದ ಡಬ್ಬಿಗೆ ಸೇರಿಸಿ ಸಿಲಿಕಾ ಜೆಲ್ ಹಾಕಿ, ಅದು ಬಣ್ಣ ಬದಲಿಸಿದಾಗ ಹಳೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ಒಳಗಿಡಿ.